ಪುದೀನಾ ಹಂಚಿಕೆ

“ವಯಸ್ಸಾಯ್ತು ಅಂತ ಕೈಬಿಡೋದಾ, ಉಸ್ತಾಜ್? ದೇಹ ಗಟ್ಟಿ ಇದೆಯಲ್ಲ, ಅಷ್ಟು ಸಾಕು. ಭಾರದ್ದು ಹೊರಿಸೋಕೆ ಹೋಗ್ಬೇಡಿ, ಹಗುರವಾದದ್ದು ಕೊಡೋಣ. ಹದಿನೆಂಟರ ಚುರುಕು ವಾಪಸ್ ಬರ್ಲಿಲ್ಲ ಅಂದ್ರೆ ನನ್ನ ಹೆಸರು ಲಮ್ಲೂಮ್ ಅಲ್ಲ!”

ಔಷಧದಂಗಡಿಯ ಡಾಕ್ಟರ್ ಲಮ್ಲೂಮ್‌ಗೆ ಪಿಸುಮಾತು ಬರುವುದಿಲ್ಲ. ದುಮ್ಯಾತ್ ಪಟ್ಟಣದ ಆ ಬೀದಿಯಲ್ಲಿ ಮನೆಗೊಂದು ಮರಗೆಲಸದ ಅಂಗಡಿ. ಹಗಲೆಲ್ಲ ಗರಗಸಗಳ ಕಿರುಚಾಟದ ಮೇಲೆ ಮಾತಾಡಿ ಮಾತಾಡಿ, ಗರಗಸ ನಿಂತ ಹೊತ್ತಿನಲ್ಲೂ ಅವನ ಗಂಟಲು ಕೆಳಗಿಳಿಯುತ್ತಿರಲಿಲ್ಲ.

“ಮೆಲ್ಲಗೆ, ಡಾಕ್ಟರ್, ಮೆಲ್ಲಗೆ” ಎಂದು ವಗ್ದಿ ಮೇಷ್ಟ್ರು ಗಲ್ಲಾದ ಮೇಲೆ ಅರ್ಧ ಬಗ್ಗಿದ.

ವಗ್ದಿ ಭೂಗೋಳದ ಮೇಷ್ಟ್ರು, ಹಾಗಾಗಿ ಊರಿಗೆಲ್ಲ ‘ಉಸ್ತಾಜ್’. ನೈಲ್ ನದಿ ಎಲ್ಲಿ ಹುಟ್ಟಿ ಎಲ್ಲೆಲ್ಲಿ ತಿರುಗುತ್ತದೆಂದು ನಿದ್ದೆಯಲ್ಲೂ ಹೇಳಬಲ್ಲ. ಆದರೆ ಒಂದು ಗುಟ್ಟು ಕಾಪಾಡುವ ಹೊಣೆ ಬಿತ್ತೆಂದರೆ ಅವನ ವಾಕ್ಯದಿಂದ ಮುಖ್ಯವಾದ ಪದವೇ ಉದುರಿಹೋಗಿ ‘ಅದು’, ‘ಅದಕ್ಕೆ’, ‘ಅದರದ್ದು’ ಎಂಬ ಸಿಪ್ಪೆ ಮಾತ್ರ ಉಳಿಯುತ್ತಿತ್ತು. ಈಗ ಅವನ ಎದೆಯಲ್ಲಿ ಇದ್ದದ್ದು ಸಣ್ಣ ಗುಟ್ಟಲ್ಲ. ಅವನ ಹೆಂಡತಿ ಇನ್ಸಾಫ್ ನಲವತ್ತೇಳನೆಯ ವಯಸ್ಸಿನಲ್ಲಿ ಎಂ.ಎ. ಓದುತ್ತಿದ್ದಳು. ಮಗಳನ್ನು ಮದುವೆ ಮಾಡಿ ಅಲೆಕ್ಸಾಂಡ್ರಿಯಾಗೆ ಕಳಿಸಿದ ಮೇಲೆ ಸದ್ದಿಲ್ಲದೆ ಹೋಗಿ ಸೇರಿಕೊಂಡವಳು, ಊರಿನ ಮುದುಕಿಯರು ಹಾಡುವ ಲಾಲಿ ಹಾಡುಗಳ ಮೇಲೆ ಪ್ರಬಂಧ ಬರೆದು ಮುಗಿಸಿದ್ದಳು. ಬರುವ ಗುರುವಾರ ವಿಶ್ವವಿದ್ಯಾಲಯದಲ್ಲಿ ಮೂವರು ಪರೀಕ್ಷಕರ ಮುಂದೆ ಆ ಹಾಡುಗಳನ್ನು ಕೇಳಿಸಿ, ಪ್ರಬಂಧ ಸಮರ್ಥಿಸಬೇಕು.

“ಅಲ್ಲೀವರೆಗೂ ಒಂದು ಸೊಳ್ಳೆಗೂ ಗೊತ್ತಾಗ್ಬಾರದು ವಗ್ದಿ. ಕಣ್ಣು ಬೀಳತ್ತೆ. ಅದಕ್ಕಿಂತ ಹೆಚ್ಚಾಗಿ, ಅಮ್ಮಂಗೆ ಗೊತ್ತಾಗತ್ತೆ” ಎಂದು ಅವಳು ಆಣೆ ಹಾಕಿಸಿಕೊಂಡಿದ್ದಳು. ಅವಳ ಅಮ್ಮ ಹಾಜ್ಜಾ ತಫೀದಾ ಸಾಮಾನ್ಯಳಲ್ಲ. ಮಗಳು ಮೊದಲ ಪದವಿ ಪಡೆದು ಮನೆಗೆ ಓಡಿಬಂದ ದಿನ ಆ ಕಾಗದವನ್ನು ತಿರುವಿ ಮುರುವಿ ನೋಡಿ, “ಆಯ್ತಲ್ಲ, ಈಗ ಈರುಳ್ಳಿ ಹೆಚ್ಚು” ಎಂದವಳು.

ಇದೆಲ್ಲ ಸರಿಯಾಗಿಯೇ ಇರುತ್ತಿತ್ತು, ಲ್ಯಾಪ್‌ಟಾಪೊಂದು ಕೈಕೊಡದಿದ್ದರೆ. ಹಾಡುಗಳೆಲ್ಲ ಇದ್ದದ್ದು ಅದರ ಹೊಟ್ಟೆಯಲ್ಲಿ. ಅದನ್ನು ಹೊತ್ತಿಸಿ, ಅವರೆಕಾಳು ಬೇಯಿಸಿ, ತಿಂದು, ಪಾತ್ರೆ ತೊಳೆದು ಬಂದರೂ ಪರದೆಯ ಮೇಲೆ ಆ ಸಣ್ಣ ಉಂಗುರ ತಿರುಗುತ್ತಲೇ ಇರುತ್ತಿತ್ತು. ರಿಪೇರಿಯವನು ಮೂಸಿ ನೋಡಿ “ಮಣ್ಣು ಮಾಡಿ” ಎಂದಿದ್ದ. ಆಗ ವಗ್ದಿಗೆ ನೆನಪಾದದ್ದು ಡಾಕ್ಟರ್ ಲಮ್ಲೂಮ್. ಕೆಮ್ಮಿಗೆ ಔಷಧಿ ಕೇಳಿದವರಿಗೂ ಔಷಧಿಯ ಜೊತೆ ಲಿನಕ್ಸ್ ಎಂಬ ಬಿಟ್ಟಿ ಕಂಪ್ಯೂಟರ್ ತಂತ್ರಾಂಶದ ಹೆಸರನ್ನು ಕಟ್ಟಿ ಕಳಿಸುವ ಮಹಾಭಕ್ತ. ಲಿನಕ್ಸ್‌ನಲ್ಲಿ ನಾನಾ ಬಗೆ ಉಂಟು. ಒಂದೊಂದು ಬಗೆಗೂ ಆ ಊರಿನ ಭಾಷೆಯಲ್ಲಿ ‘ಹಂಚಿಕೆ’ ಎನ್ನುತ್ತಾರೆ. ಮಗು ಹುಟ್ಟಿದ ಏಳನೆಯ ದಿನ ನೆಂಟರಿಷ್ಟರಿಗೆ ಕೊಡುವ ಸಿಹಿಯ ಪುಟ್ಟ ಚೀಲಕ್ಕೂ ಅಲ್ಲಿ ‘ಹಂಚಿಕೆ’ ಎಂದೇ ಹೆಸರು. ಭಾಷೆಯನ್ನು ಕಟ್ಟಿದವರು ವಗ್ದಿಯಂಥವನೊಬ್ಬ ಮುಂದೆ ಹುಟ್ಟಿಬರಬಹುದೆಂದು ಯೋಚಿಸಿರಲಿಲ್ಲ.

“ಒಳಗಿರೋದಕ್ಕೆ ಏನೂ ಅಪಾಯ ಆಗಲ್ಲ ತಾನೆ?” ವಗ್ದಿ ಮೆಲ್ಲಗೆ ಕೇಳಿದ. “ಇನ್ಸಾಫ್‌ಗೆ ಅದೇ ಪ್ರಾಣ.”

“ಒಂದು ಕೂದಲೂ ಕೊಂಕಲ್ಲ! ಒಂದು ಮಾತು ಹೇಳಿ, ಒಂದೇ ಸಾಕೋ, ಎರಡು ಬೇಕೋ? ಹಳೇದನ್ನ ತೆಗೀದೇನೇ ಹೊಸದನ್ನ ಪಕ್ಕದಲ್ಲಿ ಕೂರಿಸ್ಬಹುದು. ಒಂದೇ ಹೊಟ್ಟೇಲಿ ಎರಡು, ಜಗಳ ಇಲ್ದೆ!”

ವಗ್ದಿ ಯೋಚಿಸಿದ. “ಎರಡೂ ಇರ್ಲಿ ಡಾಕ್ಟರ್. ಧೈರ್ಯಕ್ಕೆ. ಆದ್ರೆ ಗುರುವಾರದೊಳಗೆ ಆಗ್ಬೇಕು.”

“ಆಗತ್ತೆ! ಹಂಚಿಕೆ ನನ್ನದು. ಪುದೀನಾ ತರ್ತೀನಿ!”

ಪುದೀನಾ ಎಂಬುದು ಆ ಹಂಚಿಕೆಯ ಹೆಸರು. ಹಗುರ, ಹಳೆಯ ಯಂತ್ರಗಳಿಗೆ ಹಿತ. ಇದು ವಗ್ದಿಗೆ ಗೊತ್ತು, ಡಾಕ್ಟರಿಗೆ ಗೊತ್ತು. ಕೆಮ್ಮಿನ ಸಿರಪ್ಪಿಗೆಂದು ವಗ್ದಿಯ ಬೆನ್ನ ಹಿಂದೆಯೇ ನಿಂತಿದ್ದ ಉಮ್ ಹಾಶಿಮ್‌ಗೆ ಗೊತ್ತಿರಲಿಲ್ಲ. ಅವಳು ವಗ್ದಿಯ ಪಕ್ಕದ ಮನೆಯವಳು, ನಡುವೆ ಒಂದೇ ಗೋಡೆ. ಆ ದಿನ ಅವಳು ಸಿರಪ್ಪು ತೆಗೆದುಕೊಳ್ಳದೆಯೇ ಮನೆಗೆ ಹೋದಳು. ಕೆಮ್ಮು ತಾನಾಗಿಯೇ ನಿಂತುಹೋಗಿತ್ತು.

“ಅವಳಿ!” ಎಂದು ಅವಳು ಗಂಡನ ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದಳು. ಗಂಡ ಉಸ್ತಾ ಬದೀರ್ ಕುರ್ಚಿಯ ಕಾಲಿಗೆ ಹೂವು ಕೆತ್ತುತ್ತಿದ್ದವನು ತಲೆ ಎತ್ತಿದ.

“ಯಾರಿಗೆ?”

“ಇನ್ಸಾಫ್‌ಗೆ. ಗುರುವಾರ.”

“ನಲವತ್ತು ದಾಟಿಲ್ವಾ ಅವ್ಳಿಗೆ? ನೋಡಿದ್ರೆ ಗೊತ್ತೇ ಆಗಲ್ವಲ್ಲ.”

“ಮೊದಲಿಂದ್ಲೂ ದುಂಡಗಿರೋ ಮೈ. ಮೇಲಿಂದ ಆ ಅಗಲದ ಗಲಾಬಿಯಾ ಅಂಗಿ. ಒಳಗೆ ಅವಳಿ ಅಲ್ಲ, ಒಂಟೆ ಇದ್ರೂ ಯಾರಿಗೆ ಕಾಣತ್ತೆ? ಹಂಚಿಕೆ ಕೂಡ ಹೇಳಿಯಾಯ್ತು. ಪುದೀನಾ ಬಣ್ಣ. ನೀಲಿ ಅಲ್ಲ, ಗುಲಾಬಿ ಅಲ್ಲ. ಅಂದ್ರೆ ಒಂದು ಗಂಡು, ಒಂದು ಹೆಣ್ಣು. ಇಷ್ಟೂ ಅರ್ಥ ಆಗಲ್ವಾ ನಿಂಗೆ?”

ಉಸ್ತಾ ಬದೀರ್ ಉಳಿಯನ್ನು ಕೆಳಗಿಟ್ಟ. ಒಳ್ಳೆಯ ಬೀಚ್ ಮರದ ಒಂದು ಹಲಗೆಯನ್ನು ಎಳೆದು, ಅದರ ಮೇಲೆ ಅಂಗೈ ಸವರಿದ.

ಮರುದಿನ ಮಧ್ಯಾಹ್ನ ಡಾಕ್ಟರ್ ಲಮ್ಲೂಮ್ ಕಪ್ಪು ಚೀಲ ಹಿಡಿದು ವಗ್ದಿಯ ಮನೆ ಮೆಟ್ಟಿಲು ಹತ್ತಿದ್ದನ್ನು ಬೀದಿಯೆಲ್ಲ ನೋಡಿತು. ಚೀಲದ ಬಾಯಲ್ಲಿ ಬಟ್ಟೆಯಿಂದ ಹೊಲಿದ ಒಂದು ಪೆಂಗ್ವಿನ್ ಗೊಂಬೆ ಇಣುಕುತ್ತಿತ್ತು. ಅದು ಲಿನಕ್ಸ್‌ನ ಗುರುತು. ತನ್ನ ಮಾತು ಕೇಳಿ ಬದಲಾದವರಿಗೆಲ್ಲ ಡಾಕ್ಟರ್ ಒಂದೊಂದು ಕೊಡುತ್ತಿದ್ದ, ಕೈಯಾರೆ ಹೊಲಿದು. “ಎರಡು ತರಬೇಕಿತ್ತು, ಮಕ್ಕಳು ಕಿತ್ತಾಡಲ್ವಾ” ಎಂದು ಉಮ್ ಹಾಶಿಮ್ ಬಾಗಿಲಲ್ಲೇ ಗೊಣಗಿದಳು.

ಒಳಗೆ ಡಾಕ್ಟರ್ ಬೆರಳುದ್ದದ ಒಂದು ಕಡ್ಡಿಯನ್ನು ಲ್ಯಾಪ್‌ಟಾಪಿನ ಪಕ್ಕೆಗೆ ಚುಚ್ಚಿ, ಚಹಾ ಕುಡಿಯುತ್ತ ಕುಳಿತ. ಪರದೆಯ ಮೇಲೆ ಒಂದು ಪಟ್ಟಿ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬಿತು.

“ಇದನ್ನ ಮಾಡಿದವರು ಯಾರು ಡಾಕ್ಟರ್?”

“ಯಾರೂ ಅಲ್ಲ, ಎಲ್ಲರೂ! ಒಬ್ಬ ಎಲ್ಲೋ ಹಿಮದಲ್ಲಿ ಕೂತು ಒಂದು ತುಂಡು ಬರೆದ. ಇನ್ನೊಬ್ಬಳು ಇನ್ನೆಲ್ಲೋ ಕೂತು ಅದರ ತೂತಿಗೆ ತೇಪೆ ಹಾಕಿದ್ಳು. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಬೇಕಾದವರು ತಗೊಳ್ಳಿ, ತಿದ್ದಿ, ಮುಂದಿನವರಿಗೆ ಕೊಡಿ ಅಂತ ಬಾಗಿಲು ತೆಗೆದಿಟ್ಟಿದಾರೆ. ಅದಕ್ಕೇ ಇದು ಹಂಚಿಕೆ!”

“ನಮ್ಮ ಲಾಲಿ ಹಾಡಿನ ಹಾಗೇ ಆಯ್ತಲ್ಲ” ಎಂದಳು ಇನ್ಸಾಫ್, ಅಡುಗೆಮನೆಯ ಬಾಗಿಲಿನಿಂದ. “ಯಾರು ಕಟ್ಟಿದ್ದೋ ಗೊತ್ತಿಲ್ಲ. ಪ್ರತಿ ತಾಯೀನೂ ಒಂದು ಸಾಲು ಸೇರಿಸಿದಾಳೆ.”

ಡಾಕ್ಟರ್ ಚಹಾದ ಲೋಟವನ್ನು ಗಾಳಿಯಲ್ಲೇ ನಿಲ್ಲಿಸಿ ಅವಳನ್ನು ನೋಡಿದ. ಹತ್ತಾರು ವರ್ಷ ಊರಿಗೆಲ್ಲ ಬೋಧಿಸಿದವನಿಗೆ ಈ ಹೋಲಿಕೆ ಹೊಳೆದಿರಲಿಲ್ಲ. ಅವನು ಜೇಬಿನಿಂದ ಔಷಧಿ ಚೀಟಿ ತೆಗೆದು ಅದನ್ನು ಬರೆದುಕೊಂಡ.

ಕೊನೆಗೆ ಯಂತ್ರ ಒಂದು ಗುಪ್ತಪದ ಕೇಳಿತು. “ಯಾರೂ ಊಹಿಸಬಾರದು, ನೀವು ಮರೆಯಬಾರದು, ಹೆಂಡತಿಗೂ ಹೇಳಬಾರದು!” ಎಂದು ಹೇಳಿ ಡಾಕ್ಟರ್ ಗೋಡೆಯ ಕಡೆ ತಿರುಗಿ ನಿಂತ. ವಗ್ದಿ ಒಂದು ಗಳಿಗೆ ಯೋಚಿಸಿ, ಮುಗುಳ್ನಕ್ಕು, ಒಂದು ಪದವನ್ನು ಹೊಡೆದ. ತೆರೆಯ ಮೇಲೆ ಬರೀ ಚುಕ್ಕಿಗಳು. ಯಂತ್ರ ಮತ್ತೆ ಹೊತ್ತಿದಾಗ ಡಾಕ್ಟರ್ ಪಕ್ಕದಿಂದ ಕೈ ಚಾಚಿ ಎರಡು ಗುಂಡಿ ಒತ್ತಿ, “ಈಗ ಹೊಡೀರಿ” ಎಂದ. ಆ ಎರಡು ಗುಂಡಿ ಯಾಕೆಂದು ವಗ್ದಿ ಕೇಳಲಿಲ್ಲ. ಕೇಳುವಷ್ಟು ವ್ಯವಧಾನ ಎಲ್ಲಿತ್ತು? ಲ್ಯಾಪ್‌ಟಾಪು ಕಣ್ಣುಜ್ಜಿಕೊಂಡು ಎದ್ದ ಹುಡುಗಿಯ ಹಾಗೆ ಥಟ್ಟನೆ ತೆರೆದುಕೊಂಡಿತ್ತು. ಇನ್ಸಾಫ್ ಒಂದು ಹಾಡಿನ ಮೇಲೆ ಒತ್ತಿದಳು. ಉಂಗುರ ತಿರುಗಲಿಲ್ಲ, ಹಾಡೇ ಬಂತು.

ಅಂದಿನಿಂದ ಅವಳು ಅದನ್ನು ಆರಿಸಲೇ ಇಲ್ಲ. ಹಗಲೆಲ್ಲ ಹಾಡು ಕೇಳುವುದು, ಗುರುತು ಹಾಕಿಕೊಳ್ಳುವುದು. ಗೋಡೆಯಾಚೆ ಉಮ್ ಹಾಶಿಮ್ ಕಿವಿಗೊಟ್ಟಳು. ಒಂದರ ಹಿಂದೊಂದು ಲಾಲಿ.

“ಇನ್ನೂ ಹುಟ್ಟಿಲ್ಲ, ಆಗ್ಲೇ ತಯಾರಿ” ಎಂದು ಅವಳು ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು. ಅವಳು ಕೆಟ್ಟವಳಲ್ಲ. ಆ ಬೀದಿಯಲ್ಲಿ ಕೆಟ್ಟವರೇ ಇಲ್ಲ, ಕಿವಿ ಇರುವವರು ಮಾತ್ರ.

ಸುದ್ದಿ ಹರಡಿತು. ಕಾಫಿ ಅಂಗಡಿಯಲ್ಲಿ ವಗ್ದಿಗೆ ಎದ್ದು ಜಾಗ ಕೊಟ್ಟರು. ಶಾಲೆಯಲ್ಲಿ ಹೆಡ್ ಮೇಷ್ಟ್ರು ಬೆಳಗಿನ ಸಾಲಿನ ಮುಂದೆಯೇ ಅವನನ್ನು ಅಪ್ಪಿಕೊಂಡು, “ಈ ವಯಸ್ಸಲ್ಲಿ! ನಮ್ಮ ಶಾಲೆಯ ಹೆಮ್ಮೆ ನೀವು!” ಎಂದು ಎರಡೂ ಕೆನ್ನೆಗೆ ಮುತ್ತು ಕೊಟ್ಟ.

“ಅದು ಹಾಗಲ್ಲ ಸರ್, ಅದು ಬೇರೆ ಹಂಚಿಕೆ…”

“ಬೇರೆ, ಬೇರೆ. ಗೊತ್ತು. ಬಾಯಿ ಬಿಡ್ಬೇಡಿ. ಜನರ ಕಣ್ಣು ಒಳ್ಳೇದಲ್ಲ.”

ಇದೇ ಫಜೀತಿ. ಶುಭ ಸುದ್ದಿಯನ್ನು ಕಣ್ಣು ಬೀಳದಂತೆ ಮುಚ್ಚಿಡುವ ಊರಿನಲ್ಲಿ, ಇಲ್ಲ ಎಂದವನೇ ಹೌದು ಎಂದ ಹಾಗೆ. ವಗ್ದಿ ಎಷ್ಟು ತಲೆ ಅಲ್ಲಾಡಿಸಿದನೋ ಜನ ಅಷ್ಟು ಗೌರವದಿಂದ ತಲೆ ತೂಗಿದರು. ಮನೆಗೆ ಹೋದರೆ ಮೇಜಿನ ಮೇಲೆ ಹೊಟ್ಟೆ ತುಂಬ ಈರುಳ್ಳಿ ತುಂಬಿಸಿ ಹುರಿದ ಬಾತುಕೋಳಿ, ಒಂದು ಹೂಜಿ ಮೆಂತ್ಯದ ಕಷಾಯ, ತಟ್ಟೆ ತುಂಬ ಪಾಕ ಜಿನುಗುವ ಮಶಬ್ಬಕ್. ಅದರ ಮಧ್ಯೆ ಇನ್ಸಾಫ್ ಕುಳಿತು ಬಾತುಕೋಳಿಯ ಕಾಲು ಮೆಲ್ಲುತ್ತ ಓದುತ್ತಿದ್ದಳು.

“ಇನ್ಸಾಫ್, ಊರೆಲ್ಲ ನಿನ್ನನ್ನ…”

“ಗೊತ್ತು. ಉಮ್ ಹಾಶಿಮ್ ಬಂದಿದ್ಳು. ಬಕೆಟ್ ಮುಟ್ಟಬೇಡ ಅಂತ ನೆಲ ಒರೆಸಿ ಹೋದ್ಳು. ಅಡುಗೆ ಸರದಿ ಹಾಕ್ಕೊಂಡಿದಾರೆ.”

“ಹೋಗಿ ನಿಜ ಹೇಳ್ಬಿಡ್ಲಾ?”

“ಹುಚ್ಚಾ ನಿಂಗೆ? ಎರಡು ವರ್ಷದಿಂದ ಒಂದು ದಿನ ನನ್ನನ್ನ ಯಾರೂ ನೆಟ್ಟಗೆ ಓದೋಕೆ ಬಿಟ್ಟಿಲ್ಲ. ಗುರುವಾರದ ತನಕ ಬಸುರಿಯಾಗೇ ಇರ್ತೀನಿ ಬಿಡು. ಆಮೇಲೆ ನಾನೇ ಒಬ್ಬೊಬ್ಬರ ಮನೆಗೂ ಹೋಗಿ ಕಾಲು ಹಿಡೀತೀನಿ. ಈ ರೆಕ್ಕೆ ತಿಂತೀಯಾ?”

ವಗ್ದಿ ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ನೋಡಿ, ರೆಕ್ಕೆಯನ್ನು ತೆಗೆದುಕೊಂಡ.

ಗುರುವಾರ ಬೆಳಗ್ಗೆ ಅವನಿಗೆ ಒಂದು ವಿಚಾರ ಹೊಳೆಯಿತು. ಅವನಿಗೆ ವಿಚಾರಗಳು ಹೊಳೆಯುವುದು ಇಂಥ ದಿನಗಳಲ್ಲೇ. ‘ಪಾಪ, ದಿನಗಟ್ಟಲೆ ಎಚ್ಚರ ಇದೆ, ದಾರಿಯಲ್ಲಾದರೂ ವಿಶ್ರಾಂತಿ ಸಿಗಲಿ’ ಎಂದು ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಟವೆಲಿನಲ್ಲಿ ಸುತ್ತಿ, ಎದೆಗೊತ್ತಿಕೊಂಡು, ಆಗಲೇ ಟ್ಯಾಕ್ಸಿಯಲ್ಲಿ ಕೂತಿದ್ದ ಇನ್ಸಾಫ್‌ಳ ಕಡೆ ನಡೆದ.

“ಎಲ್ಲಿಗೆ ಉಸ್ತಾಜ್?” ಉಮ್ ಹಾಶಿಮ್ ಕಿಟಕಿಯಿಂದ ಅರ್ಧ ಹೊರಗೆ ನೇತಾಡಿದಳು.

“ಡಾಕ್ಟರ್ ಹತ್ರ. ಮೂವರು ಡಾಕ್ಟರ್ ಕಾಯ್ತಾ ಇದಾರೆ!”

ದುಮ್ಯಾತ್‌ನಲ್ಲಿ ಮಾತ್ರೆ ಮಾರುವವನೂ ಡಾಕ್ಟರ್, ಪ್ರಬಂಧ ತಿದ್ದುವವನೂ ಡಾಕ್ಟರ್, ಹೆರಿಗೆ ಮಾಡಿಸುವವನೂ ಡಾಕ್ಟರ್. ವಗ್ದಿ ಟ್ಯಾಕ್ಸಿಯವನಿಗೆ ‘ವಿಶ್ವವಿದ್ಯಾಲಯಕ್ಕೆ’ ಎಂದದ್ದೂ ಕಿವಿಗೆ ಬಿದ್ದು ಉಮ್ ಹಾಶಿಮ್ ಎದೆ ಹೊಡೆದುಕೊಂಡಳು. ಮೂವರು! ಕಷ್ಟದ ಹೆರಿಗೆ! ಅವಳು ಗಂಡನನ್ನು ಕೂಗಿದಳು, ನದಿಯಾಚೆಯ ಹಾಜ್ಜಾ ತಫೀದಾಳಿಗೆ ಫೋನು ಮಾಡಿದಳು, ಔಷಧದಂಗಡಿಗೆ ನುಗ್ಗಿದಳು.

“ಡಾಕ್ಟರ್, ನಿಮ್ಮ ಹತ್ರ ತೋರಿಸಿದ್ದನ್ನ ಇನ್ನೂ ಮೂವರು ಡಾಕ್ಟರ್ ಹತ್ರ ತಗೊಂಡು ಹೋದ್ರು, ವಿಶ್ವವಿದ್ಯಾಲಯಕ್ಕೆ!”

“ನನ್ನ ಕೈಯಲ್ಲಿ ಆದದ್ದನ್ನ ಬೇರೆಯವರಿಗೆ ತೋರಿಸ್ತಾರಾ?” ಲಮ್ಲೂಮ್ ಅಂಗಡಿಯ ಷಟರ್ ಎಳೆದ. “ನಡೀರಿ!”

ಕುರ್ಚಿ ಮೇಜು ಸಾಗಿಸುವ ಉಸ್ತಾ ಬದೀರನ ಸಣ್ಣ ಲಾರಿಯಲ್ಲಿ ಮೂವರೂ ಹತ್ತಿದರು. ಸೇತುವೆಯ ಬಳಿ ಹಾಜ್ಜಾ ಹತ್ತಿದಳು, ಕಂಕುಳಲ್ಲಿ ಹಿತ್ತಾಳೆಯ ಕುಟ್ಟಾಣಿ ಇಟ್ಟುಕೊಂಡು. ಏಳನೆಯ ದಿನ ಮಗುವಿನ ಕಿವಿಯ ಬಳಿ ಕುಟ್ಟುತ್ತ, ಯಾರ ಮಾತು ಕೇಳಬೇಕೆಂದು ಬುದ್ಧಿ ಹೇಳಲು ಬೇಕಾದ ಆ ಕುಟ್ಟಾಣಿಯನ್ನು ಇನ್ನೊಬ್ಬರ ಕೈಗೆ ಕೊಡುವವಳಲ್ಲ ಅವಳು. ಅವರ ನಡುವೆ ನಿಂತಿತ್ತು ಉಸ್ತಾ ಬದೀರ್ ಕೆತ್ತಿದ ಜೋಡಿ ತೊಟ್ಟಿಲು. ಒಂದೇ ಚೌಕಟ್ಟು, ಎರಡು ಮಡಿಲು, ಅಂಚಿಗೆಲ್ಲ ಪುದೀನಾ ಎಲೆಯ ಬಳ್ಳಿ. ಲಾರಿ ಕುಲುಕಿದಾಗಲೆಲ್ಲ ಅದು ತಾನಾಗಿಯೇ ತೂಗುತ್ತಿತ್ತು.

ಅಷ್ಟರಲ್ಲಿ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ವಗ್ದಿಯ ಬೆವರು ಲ್ಯಾಪ್‌ಟಾಪಿನ ಮೇಲೆ ತೊಟ್ಟಿಕ್ಕುತ್ತಿತ್ತು. ಗುಪ್ತಪದ ಹೊಡೆದ. ‘ತಪ್ಪು’ ಎಂದಿತು. ಇನ್ನೊಮ್ಮೆ ಹೊಡೆದ, ಬೆರಳೆಣಿಸಿಕೊಂಡು. ‘ತಪ್ಪು.’ ಕಪ್ಪು ನಿಲುವಂಗಿಯ ಮೂವರು ಡಾಕ್ಟರ್‌ಗಳು ಮೇಜಿನ ಹಿಂದೆ ಕುಳಿತು ನೋಡುತ್ತಿದ್ದರು. ಇನ್ಸಾಫ್ ನಿಂತಲ್ಲೇ ಬಿಳಿಚಿಕೊಂಡಿದ್ದಳು. ಹಾಡಿಲ್ಲದೆ ಹಾಡಿನ ಪ್ರಬಂಧ ಮಂಡಿಸುವುದು ಹೇಗೆ?

“ಸ್ವಲ್ಪ ಹೊತ್ತು ನೋಡೋಣ, ತಾಯಿ. ಆಗದಿದ್ರೆ ಮುಂದಿನ ಅವಧಿಗೆ ಹಾಕೋಣ” ಎಂದರು ನಡುವಿನ ಡಾಕ್ಟರ್, ಮೃದುವಾಗಿಯೇ. ಮುಂದಿನ ಅವಧಿ ಎಂದರೆ ಇನ್ನೊಂದು ವರ್ಷ. ಇನ್ನೊಂದು ವರ್ಷದ ಗುಟ್ಟು.

ಬಾಗಿಲು ದಢಾರನೆ ತೆರೆಯಿತು.

“ಎಲ್ಲಿ ಮಕ್ಕಳು?” ಹಾಜ್ಜಾ ತಫೀದಾ ಕುಟ್ಟಾಣಿ ಹಿಡಿದು ಒಳಗೆ ಬಂದಳು, ಹಿಂದೆಯೇ ಉಮ್ ಹಾಶಿಮ್. ಅವರ ಹಿಂದೆ ತೊಟ್ಟಿಲು ಬಾಗಿಲಿಗೆ ಅಡ್ಡವಾಗಿ ಸಿಕ್ಕಿಕೊಂಡಿತು. ಅದರಾಚೆ ಉಸ್ತಾ ಬದೀರ್ ಮತ್ತು ಲಮ್ಲೂಮ್ ಒಳಗೂ ಬರಲಾರದೆ ಹೊರಗೂ ಹೋಗಲಾರದೆ ನಿಂತರು.

ಇನ್ಸಾಫ್ ಬಾಯಿ ತೆರೆದಳು. ಎರಡು ವರ್ಷ ಮುಚ್ಚಿಟ್ಟದ್ದು ಒಂದೇ ಉಸಿರಿಗೆ ಹೊರಬಂತು. “ಮಕ್ಕಳಿಲ್ಲ ಅಮ್ಮ. ಪರೀಕ್ಷೆ. ಎಂ.ಎ. ಓದಿದೀನಿ.”

ಹಾಜ್ಜಾ ಮಗಳನ್ನು ನೋಡಿದಳು, ನಿಲುವಂಗಿಗಳನ್ನು ನೋಡಿದಳು, ಕೊನೆಗೆ ಅಳಿಯನನ್ನು ನೋಡಿದಳು. “ಮತ್ತೆ ಇವನ್ಯಾಕೆ ಅಳ್ತಾ ಇದಾನೆ?”

“ಒಳಗೆ ಬಿಡ್ತಿಲ್ಲ ಹಾಜ್ಜಾ. ಪದ ಸರಿಯಾಗೇ ಹೇಳ್ತಿದೀನಿ, ಇದು ತಪ್ಪು ಅಂತಿದೆ.”

“ಅದು ಎಲ್ಲಿಯ ಪರದೇಶಿಯೋ ಏನೋ! ನೀನು ಯಾವ ಭಾಷೇಲಿ ಮಾತಾಡ್ತಿದೀ, ಅದಕ್ಕೆ ಯಾವ ಭಾಷೆ ಬರತ್ತೆ, ಅದನ್ನಾದ್ರೂ ಕೇಳಿದ್ಯಾ? ಭೂಗೋಳ ಕಲಿಸ್ತಾನಂತೆ!”

ಇನ್ಸಾಫ್ ತಿರುಗಿದಳು. “ವಗ್ದಿ, ಗುಪ್ತಪದ ಅರಬಿ ಅಕ್ಷರದಲ್ಲಿ ಇಟ್ಟಿದ್ಯಾ, ಇಂಗ್ಲಿಷ್ ಅಕ್ಷರದಲ್ಲಾ?”

“ಅರಬಿ.”

“ಆರಿಸಿ ಹೊತ್ತಿಸಿದ್ರೆ ಇದು ಇಂಗ್ಲಿಷ್ ಅಕ್ಷರದಲ್ಲೇ ಏಳತ್ತಲ್ವಾ?”

“ಅದಕ್ಕೇ ಆವತ್ತು ಎರಡು ಗುಂಡಿ ಒತ್ತಿದ್ದು!” ಎಂದು ತೊಟ್ಟಿಲಿನ ಹಿಂದಿನಿಂದ ಲಮ್ಲೂಮ್ ಗರ್ಜಿಸಿದ.

ಇನ್ಸಾಫ್ ಓಡಿಬಂದು ಭಾಷೆ ಬದಲಿಸಿದಳು. ವಗ್ದಿ ಮತ್ತೆ ಮತ್ತೆ ತಪ್ಪು ಗುಂಡಿ ಒತ್ತಿದ. “ಸರಿ, ನಾನೇ ಹೊಡೀತೀನಿ. ಏನು ಪದ?” ಎಂದಳು ಅವಳು.

ವಗ್ದಿ ಅತ್ತೆಯ ಕಡೆ ನೋಡಿದ. “ಬೇಡ, ಮುಂದಿನ ಅವಧಿಗೇ ಹಾಕೋಣ.”

“ವಗ್ದಿ!”

ಅವನು ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಏನೋ ಗೊಣಗಿದ.

“ಗಟ್ಟಿಯಾಗಿ ಹೇಳ್ರೀ, ಕೇಳಿಸ್ಲಿ!” ಎಂದ ಲಮ್ಲೂಮ್.

“ಹಾಜ್ಜಾ ಹೊರಟುಹೋದಳು” ಎಂದ ವಗ್ದಿ, ಗಟ್ಟಿಯಾಗಿಯೇ. “ಒಂದೇ ಪದವಾಗಿ. ನಡುವೆ ಜಾಗ ಬಿಡಬಾರದು.”

ನಡುವಿನ ಡಾಕ್ಟರ್ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಹಾಜ್ಜಾ ಏನನ್ನೋ ಹೇಳಲು ಎದೆ ತುಂಬ ಉಸಿರು ತೆಗೆದುಕೊಂಡಳು. ಅಷ್ಟರಲ್ಲಿ ಲ್ಯಾಪ್‌ಟಾಪು ತೆರೆದುಕೊಂಡು, ಹಾಡು ಸಭಾಂಗಣ ತುಂಬಿತು. *ಮಲಗೋ ನನ್ನ ಮರಿಮೀನೇ, ಬಲೆಯು ಒಣಗಲಿ ಬಿಸಿಲಲ್ಲಿ.* ಹಾಜ್ಜಾಳ ಉಸಿರು ಅಲ್ಲೇ ನಿಂತಿತು.

“ಇದ್ಯಾರ ಗಂಟಲು?”

“ನಿಂದೇ ಅಮ್ಮ. ನನ್ನ ಪ್ರಬಂಧದ ಮೊದಲನೇ ಅಧ್ಯಾಯ ಪೂರ್ತಿ ನೀನೇ.”

ಹಾಜ್ಜಾ ಬಹಳ ಹೊತ್ತು ಕೇಳಿದಳು. “ಆವತ್ತು ನಂಗೆ ನೆಗಡಿ ಆಗಿತ್ತು” ಎಂದಳು ಕೊನೆಗೆ. “ಇಂಥ ದೊಡ್ಡವರ ಮುಂದೆ ಹಾಕ್ತೀನಿ ಅಂತ ಹೇಳಿದ್ರೆ ಇನ್ನೊಂದು ದಿನ ಹಾಡ್ತಿರ್ಲಿಲ್ವಾ?”

“ಇವತ್ತು ನೆಗಡಿ ಇಲ್ಲವಲ್ಲ, ಹಾಜ್ಜಾ?” ಎಂದರು ನಡುವಿನ ಡಾಕ್ಟರ್.

ಅವಳು ಕುಟ್ಟಾಣಿಯನ್ನು ಪರೀಕ್ಷಕರ ಮೇಜಿನ ಮೇಲಿಟ್ಟು ಹಾಡಿದಳು. ಆಮೇಲೆ ಇನ್ಸಾಫ್ ಮಾತಾಡಿದಳು. ಯಾವ ಸಾಲು ಮೀನುಗಾರರ ಕೇರಿಯಿಂದ ಬಂತು, ಯಾವುದನ್ನು ಬಡಗಿಗಳ ಹೆಂಡಿರು ಸೇರಿಸಿದರು, ಯಾವ ಅಜ್ಜಿ ಯಾವ ಪದ ಬದಲಿಸಿದಳು ಎಂದು ತಡವರಿಸದೆ ಹೇಳಿದಳು. ಉಮ್ ಹಾಶಿಮ್ ಕೊನೆಯ ಸಾಲಿನಲ್ಲಿ ಬಾಯಿ ತೆರೆದುಕೊಂಡು ಕೇಳಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ಒಂದು ಮಾತನ್ನು ಪೂರ್ತಿ ಕೇಳಿದಳೆಂದು ಅವಳ ಗಂಡ ಇಂದಿಗೂ ಹೇಳುತ್ತಾನೆ. ಡಾಕ್ಟರ್‌ಗಳು ಎದ್ದು ನಿಂತು ‘ಅತ್ಯುತ್ತಮ’ ಎಂದಾಗ ಮೊದಲ ಹರ್ಷದ ಉಲಿ ಹೊರಟದ್ದೂ ಅವಳ ನಾಲಗೆಯಿಂದಲೇ.

ತೊಟ್ಟಿಲನ್ನು ಬಾಗಿಲಿನಿಂದ ಬಿಡಿಸಿದ ಮೇಲೆ, ಹೊರಗಿನ ಮೊಗಸಾಲೆಯಲ್ಲಿ ಇನ್ಸಾಫ್ ಅವಳ ಕೈ ಹಿಡಿದುಕೊಂಡಳು. “ತಪ್ಪಾಯ್ತು ಉಮ್ ಹಾಶಿಮ್. ನಿಮ್ಮ ಬಾತುಕೋಳಿ ತಿಂದು ಸುಮ್ಮನಿದ್ದೆ.”

“ಸುಮ್ನಿರೇ. ಬಾತುಕೋಳಿ ದಂಡ ಆಯ್ತಾ? ಪಾಸಾದ್ಯಲ್ಲ!” ಅವಳು ಚೀಲದಿಂದ ಪುದೀನಾ ಬಣ್ಣದ ಪುಟ್ಟ ಪುಟ್ಟ ಗಂಟುಗಳನ್ನು ತೆಗೆದಳು. ಹುರಿಗಡಲೆ, ಸಕ್ಕರೆ ಬಾದಾಮಿ. “ಹಂಚಿಕೆ ಅಂದ್ಮೇಲೆ ಹಂಚ್ಲೇಬೇಕು. ತಗೊಳ್ಳಿ ಡಾಕ್ಟರ್, ತಗೊಳ್ಳಿ ಡಾಕ್ಟರ್, ನೀವೂ ತಗೊಳ್ಳಿ ಡಾಕ್ಟರ್!” ಕರೆದಾಗಲೆಲ್ಲ ನಾಲ್ಕು ಕೈ ಮುಂದೆ ಬಂತು.

ಉಸ್ತಾ ಬದೀರ್ ಲ್ಯಾಪ್‌ಟಾಪನ್ನು ತೊಟ್ಟಿಲಿನ ಒಂದು ಮಡಿಲಲ್ಲೂ ದಪ್ಪ ಪ್ರಬಂಧವನ್ನು ಇನ್ನೊಂದರಲ್ಲೂ ಮಲಗಿಸಿ, ಒಂದು ಕಣ್ಣು ಮುಚ್ಚಿ ನೋಡಿದ. “ಅಳತೆ ಸರಿಯಾಗಿದೆ” ಎಂದ. ಲಮ್ಲೂಮ್ ಜೇಬಿನಿಂದ ಇನ್ನೊಂದು ಪೆಂಗ್ವಿನ್ ತೆಗೆದು ಇಬ್ಬರ ನಡುವೆ ಕೂರಿಸಿದ.

ಹಾಜ್ಜಾ ಮಾತ್ರ ಮರೆತಿರಲಿಲ್ಲ. “ಆ ಪದ ತೆಗಿ. ಈಗ್ಲೇ.”

ಲಮ್ಲೂಮ್ ಪದ ಬದಲಿಸುವ ಜಾಗವನ್ನು ತೆರೆದುಕೊಟ್ಟ. ಯಾವ ಭಾಷೆಯಲ್ಲಿದೆ ಎಂದು ಹಾಜ್ಜಾ ಮೊದಲು ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಶಾಲನ್ನು ಪರದೆಯಂತೆ ಅಡ್ಡ ಹಿಡಿದು, ತೋರುಬೆರಳಿನಿಂದ ಒಂದೊಂದೇ ಗುಂಡಿ ಹುಡುಕಿ ಒತ್ತಿ, ಲ್ಯಾಪ್‌ಟಾಪನ್ನು ತಾನೇ ಮುಚ್ಚಿದಳು. ಮುಚ್ಚಿದ್ದರ ಪಕ್ಕ ಕೂತು ಕುಟ್ಟಾಣಿ ಕುಟ್ಟತೊಡಗಿದಳು.

“ನಿಮ್ಮಮ್ಮನ ಮಾತು ಕೇಳು! ನಿಮ್ಮಜ್ಜಿಯ ಮಾತು ಕೇಳು! ನಿಮ್ಮಪ್ಪನ ಮಾತು ಕೇಳ್ಬೇಡ!”

“ಹಾಜ್ಜಾ,” ವಗ್ದಿ ತೊಟ್ಟಿಲಿನ ಆಚೆ ಬದಿಯಿಂದ ಬಗ್ಗಿ ವಿನಯವಾಗಿ ಕೇಳಿದ, “ಹೊಸ ಪದ ಏನು ಅಂತ…”

“ಏನಂದೆ? ಈ ಸದ್ದಲ್ಲಿ ಕೇಳಿಸ್ತಿಲ್ಲ.”

ಅವಳು ಇನ್ನೂ ಜೋರಾಗಿ ಕುಟ್ಟಿದಳು. ತೊಟ್ಟಿಲು ಮೆಲ್ಲನೆ ತೂಗಿತು.